ಗ್ರಿಲ್ಲಿಗೆ ಹೊದಿಕೆ ಹೊದಿಸಿದ ಕಥೆ

ಚಳಿಗಾಲ ಬರುತ್ತಿದೆ ಅಂತ ನಮ್ಮನೆಯಲ್ಲಿ ಮೊದಲು ಗೊತ್ತಾಗುವುದು ನನ್ನ ಮೊಣಕಾಲಿಗೆ. ಆಮೇಲೆ ಹೆಂಡತಿಗೆ. ಮೊಣಕಾಲಿಗೆ ಎಣ್ಣೆ ಸಿಗುತ್ತದೆ, ಹೆಂಡತಿಗೆ ಸ್ವೆಟರ್ ಇದೆ. ಹಿತ್ತಲಲ್ಲಿ ನಿಂತಿರುವ, ಕಂಬಿಗಳ ಮೇಲೆ ಅಡುಗೆ ಸುಡುವ ಗ್ಯಾಸ್ ಗ್ರಿಲ್ಲಿಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ.

ಒಂದು ವರ್ಷ ಅದನ್ನು ಹಾಗೇ ಬಿಟ್ಟಿದ್ದೆ. ಚಳಿ ಕಳೆದ ಮೇಲೆ ಮುಚ್ಚಳ ಎತ್ತಿ ನೋಡಿದರೆ, ಕಂಬಿಗಳ ಮೇಲೆ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ತುಕ್ಕು. ಕೆಳಗಿನ ಜಿಡ್ಡಿನ ತಟ್ಟೆಯಲ್ಲಿ ಹಸಿರು ಬೂಸ್ಟು, ಅದರ ಮೇಲೆ ಬಿಳಿ ಬೂಸ್ಟು. "ಸ್ಟೇನ್‌ಲೆಸ್ ಸ್ಟೀಲು, ತುಕ್ಕು ಹಿಡಿಯಲ್ಲ ಅಂದಿದ್ರಲ್ಲ?" ಎಂದು ಹೆಂಡತಿ ಕೇಳಿದಳು. ಜಿಡ್ಡು, ಉಪ್ಪು, ತೇವ ಮೂರೂ ಸೇರಿ ತಿಂಗಳುಗಟ್ಟಲೆ ಕೂತರೆ ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯುತ್ತದೆ ಎಂದು ವಿವರಿಸಿದೆ. "ಮತ್ತೆ ಅವು ಮೂರನ್ನೂ ಅಲ್ಲಿ ಕೂರಿಸಿದ್ದು ಯಾರು?" ಎಂದಳು. ನನಗೆ ಒಳಗೆ ಏನೋ ಕೆಲಸ ನೆನಪಾಯಿತು.

ಮುಂದಿನ ವರ್ಷ ಹಾಗಾಗಬಾರದು ಎಂದು ಶಪಥ ಮಾಡಿದೆ. ಚಳಿ ಶುರುವಾಗುವ ಮೊದಲೇ ಒಂದು ಭಾನುವಾರ ಬೆಳಿಗ್ಗೆ ಹಳೆ ಪ್ಯಾಂಟ್ ಹಾಕಿಕೊಂಡು ಹಿತ್ತಲಿಗೆ ಇಳಿದೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ.

ಮೊದಲು ಬರ್ನರುಗಳನ್ನೆಲ್ಲ ಜೋರಾಗಿ ಹಚ್ಚಿ, ಮುಚ್ಚಳ ಹಾಕಿ ಹದಿನೈದು ನಿಮಿಷ ಬಿಡಬೇಕು. ಅಂಟಿಕೊಂಡಿದ್ದೆಲ್ಲ ಸುಟ್ಟು ಬೂದಿಯಾಗುತ್ತದೆ. ಹಚ್ಚಿದೆ. ಮೂರು ಬರ್ನರುಗಳಲ್ಲಿ ಎರಡು ನೀಲಿಯಾಗಿ ಉರಿದವು. ಮೂರನೆಯದು ಹಳದಿಯಾಗಿ, ಮನಸ್ಸಿಲ್ಲದ ಮನಸ್ಸಿನಿಂದ ತೊನೆದಾಡಿತು. ಗ್ಯಾಸ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ತಣ್ಣಗಾದ ಮೇಲೆ ಆ ಬರ್ನರನ್ನು ಕಳಚಿ ಕೊಳವೆಗೆ ಕಣ್ಣಿಟ್ಟೆ. ಒಳಗೆ ಜೇಡ. ಹತ್ತಿ ತುರುಕಿದಂತೆ ಬಲೆ ಕಟ್ಟಿ, ನಟ್ಟನಡುವೆ ಆರಾಮಾಗಿ ಕೂತಿತ್ತು. ಈ ಬಲೆ ನಗುವ ವಿಷಯವಲ್ಲ. ದಾರಿ ಕಟ್ಟಿದರೆ ಗ್ಯಾಸು ಹಿಂದಕ್ಕೆ ತಿರುಗಿ ನಾಬ್ ಇರುವ ಕಡೆ, ಅಂದರೆ ನಮ್ಮ ಹೊಟ್ಟೆಯ ಕಡೆ, ಹೊತ್ತಿಕೊಳ್ಳಬಹುದು. ಉದ್ದ ಬ್ರಷ್ ತೂರಿಸಿ ಎಳೆದೆ. ಬಲೆ ಬಂತು. ಜೇಡ ನನ್ನ ಅಂಗಿಯ ತೋಳಿನೊಳಗೆ ಹೋಯಿತು. ಆಮೇಲೆ ನಾನು ಕುಣಿದ ಕುಣಿತವನ್ನು ಮಗಳು ಕಿಟಕಿಯಿಂದ ವಿಡಿಯೋ ಮಾಡಿಕೊಂಡಿದ್ದಾಳೆ. ಅದನ್ನು ಇನ್ನೂ ಅಳಿಸಿಲ್ಲ.

ಎಲ್ಲವನ್ನೂ ಮತ್ತೆ ಕೂಡಿಸಿ, ಮತ್ತೆ ಹಚ್ಚಿ, ಮತ್ತೆ ಹದಿನೈದು ನಿಮಿಷ. ಬೆಚ್ಚಗಿರುವಾಗಲೇ ಕಂಬಿ ಉಜ್ಜಿದೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಒಂದೆರಡು ತಂತಿ ಉದುರಿ ಅಲ್ಲೇ ಉಳಿಯುವುದುಂಟು, ಅದು ಊಟದ ಜೊತೆ ಗಂಟಲಿಗೆ ಹೋದರೆ ಆಸ್ಪತ್ರೆಯೇ ಗತಿ. ಹಾಗಾಗಿ ಒದ್ದೆ ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿದೆ. ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು ಅಂದರೆ, ಖುಷಿಯಲ್ಲಿ ಹೊಸ ಕವರ್ ತಂದು ಹಾಗೇ ಹೊದಿಸಿಬಿಟ್ಟೆ.

ಬಿಸಿ ಆರಿರಲಿಲ್ಲ.

ಮೊದಲು ವಾಸನೆ ಬಂತು. ಆಮೇಲೆ ಹೆಂಡತಿ ಬಂದಳು. ಕವರ್ ಎಳೆದರೆ ಅರ್ಧ ಕೈಗೆ ಬಂತು, ಇನ್ನರ್ಧ ಮುಚ್ಚಳದ ಮೇಲೆ ಚೂಯಿಂಗ್ ಗಮ್ಮಿನ ಹಾಗೆ ನೂಲು ನೂಲಾಗಿ ಉಳಿಯಿತು. "ಗ್ರಿಲ್ ಮಾಡ್ಬೇಕಾಗಿದ್ದು ಕವರನ್ನಲ್ಲ ಕಣ್ರೀ" ಎಂದಳು. ಇಷ್ಟೇ ಹೇಳಿ ಒಳಗೆ ಹೋದಳು. ಜಾಸ್ತಿ ಹೇಳಿದ್ದರೆ ಸಮಾಧಾನ ಇರುತ್ತಿತ್ತು.

ಜಿಡ್ಡಿನ ತಟ್ಟೆಯ ವಿಷಯ ಎತ್ತುವುದಿಲ್ಲ. ಅದು ತುಂಬಿತ್ತು, ನಾನು ಎಳೆದೆ, ಎಡಗಾಲಿನ ಚಪ್ಪಲಿಯನ್ನು ಅವತ್ತೇ ಎಸೆದೆವು.

ಇನ್ನು ಸಿಲಿಂಡರ್. ರೆಗ್ಯುಲೇಟರಿನ ನಟ್ಟು ಎಷ್ಟು ತಿರುಗಿಸಿದರೂ ಬರಲಿಲ್ಲ. ಸ್ಪ್ಯಾನರ್ ಹಾಕಿದೆ, ಇನ್ನೂ ಬಿಗಿಯಾಯಿತು. ಸ್ಪ್ಯಾನರಿನ ಮೇಲೆ ಭಾರ ಬಿಟ್ಟೆ, ನಾನೇ ಜಾರಿದೆ. ಮಗಳು ಬಂದು ಬಗ್ಗಿ ನೋಡಿದಳು. "ಅಪ್ಪಾ, ಇದರ ಮೂಲೆ ಮೂಲೆಗೆ ಕಚ್ಚು ಹಾಕಿದಾರಲ್ಲ, ಯಾಕೆ?" ನಿಜ, ನಟ್ಟಿನ ಮೂಲೆಗಳಲ್ಲಿ ಉಗುರು ಗಾತ್ರದ ಕಚ್ಚುಗಳಿದ್ದವು. ಅದು ಉಲ್ಟಾ ಥ್ರೆಡ್ಡಿನ ಗುರುತು. ಎಲ್ಲ ನಟ್ಟುಗಳೂ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ, ಇದು ಬಲಕ್ಕೆ. ಅರ್ಧ ಗಂಟೆಯಿಂದ ನಾನು ಅದನ್ನು ಬೆವರು ಸುರಿಸಿ ಬಿಗಿ ಮಾಡುತ್ತಿದ್ದೆ.

ಅಂತೂ ಬಿಚ್ಚಿದ ಸಿಲಿಂಡರನ್ನು ತಬ್ಬಿಕೊಂಡು ಮನೆಯೊಳಗೆ ಹೊರಟೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಮೆಟ್ಟಿಲ ಕೆಳಗಿಡ್ತೀನಿ. ಹೊರಗೆ ಚಳಿ, ಪಾಪ."

"ಇದರೊಳಗಿರೋ ಪ್ರೊಪೇನ್ ಗ್ಯಾಸು ಕುದಿಯೋದೇ ಮೈನಸ್ 42 ಡಿಗ್ರಿಗೆ. ಅದಕ್ಕೆಂಥ ಚಳಿ? ಸೋರಿದ್ರೆ ಗಾಳಿಗಿಂತ ಭಾರ, ನೆಲದಲ್ಲೇ ತುಂಬ್ಕೊಂಡು ಕೂರುತ್ತೆ. ಹೊರಗೇ ಇರ್ಲಿ."

ಇದನ್ನೆಲ್ಲ ಇವಳು ಯಾವಾಗ ಓದಿದಳೋ! ಅವಳು ಹೇಳಿದ್ದೇ ಸರಿ. ಸಿಲಿಂಡರ್ ಹೊರಗೆ, ಗಾಳಿಯಾಡುವ ಕಡೆ, ನೆಟ್ಟಗೆ ನಿಂತಿತು. ನಾನೂ ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ನಿಂತೆ.

ಕೊನೆಗೆ ಒಂದು ಜಾಣತನ ಮಾಡಿದೆ. ಮತ್ತೆ ಜೇಡ ಬರಬಾರದು ಎಂದು ಬರ್ನರ್ ಕೊಳವೆಗಳ ಬಾಯಿಗೆ ಅಲ್ಯುಮಿನಿಯಂ ಫಾಯಿಲ್ ತುರುಕಿದೆ. ಅದನ್ನು ತೆಗೆಯದೆ ಗ್ಯಾಸ್ ಹಚ್ಚಿದರೆ ಜೇಡನ ಬಲೆಗಿಂತ ದೊಡ್ಡ ಅಪಾಯ. ನನ್ನ ನೆನಪಿನ ಶಕ್ತಿ ನನಗೆ ಗೊತ್ತಲ್ವಾ? ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ "ಫಾಯಿಲ್ ತೆಗೆಯಲು ಮರೆಯಬೇಡ" ಎಂದು ಬರೆದು, ಕಂಬಿಗಳ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಟ್ಟೆ. ಮುಚ್ಚಳ ಹಾಕಿ, ಪೂರ್ತಿ ತಣ್ಣಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿ, ಇನ್ನೊಂದು ಕವರ್ ತರಿಸಿ ಹೊದಿಸಿದೆ. ಆ ಚಳಿಗಾಲವಿಡೀ ಹಿಮ ಬಿದ್ದಾಗಲೆಲ್ಲ ಕಿಟಕಿಯಿಂದ ಅದನ್ನು ನೋಡಿ ಮೀಸೆ ತಿರುವಿದ್ದೇ ತಿರುವಿದ್ದು.

ಬಿಸಿಲು ಬಂದ ಮೊದಲ ಭಾನುವಾರ ಮನೆಯವರನ್ನೆಲ್ಲ ಕರೆದು ಸುತ್ತ ನಿಲ್ಲಿಸಿದೆ. ಕವರ್ ತೆಗೆದೆ. ಮುಚ್ಚಳ ಎತ್ತಿದೆ. ತುಕ್ಕಿಲ್ಲ, ಬೂಸ್ಟಿಲ್ಲ, ಕಂಬಿಗಳು ಥಳಥಳ. ಒಂದು ಮೂಲೆಯಲ್ಲಿ ಮಾತ್ರ ದುಂಡಗೆ, ಮೆತ್ತಗೆ, ಬಹಳ ನಾಜೂಕಾಗಿ ಕಟ್ಟಿದ ಇಲಿಗೂಡು. ಪೂರ್ತಿ ಬಿಳಿ ಕಾಗದದ ಚೂರುಗಳದ್ದು.

ನಾನು ತಲೆ ಕೆರೆದುಕೊಂಡೆ. ಇಲ್ಲಿ ಏನೋ ಬರೆದಿಟ್ಟಿದ್ದೆ, ಏನದು? ಗೂಡಿನ ಅಂಚಿನಲ್ಲಿ ಸ್ವಲ್ಪ ದೊಡ್ಡ ಚೂರೊಂದು ಉಳಿದಿತ್ತು. ಮಗಳು ಎರಡು ಬೆರಳಲ್ಲಿ ಎತ್ತಿ ಜೋರಾಗಿ ಓದಿದಳು.

"ಮರೆ."