ಸ್ಕಾಲರ್‌ಶಿಪ್ ಲಿಂಕ್ ಆಮೇಲೆ, ಮೊದಲು ಗ್ರೀಕ್ ಅಕ್ಷರ ಕಲೀರಿ

ನವೆಂಬರ್ ಬಂತು ಅಂದ್ರೆ ಸಾಕು, ಹಿಸ್ಟರಿ ಎಂಎ ಮಾಡಿರೋ ಹುಡುಗ ಹುಡುಗೀರ ವಾಟ್ಸಾಪ್ ಗ್ರೂಪುಗಳಲ್ಲಿ ಲಿಂಕ್ ಮೇಲೆ ಲಿಂಕ್ ಓಡಾಡ್ತವೆ. ಆಕ್ಸ್‌ಫರ್ಡ್‌ದೊಂದು, ವಿಯೆನ್ನಾದ್ದೊಂದು, ಪ್ರಿನ್ಸ್‌ಟನ್‌ದೊಂದು, ಎಲ್ಲದರಲ್ಲೂ "ಲೇಟ್ ಆಂಟಿಕ್ವಿಟಿ" ಅಂತ ಇರುತ್ತೆ, ಮೇಲೆ ಯಾರೋ "ಫುಲ್ಲಿ ಫಂಡೆಡ್" ಅಂತ ಬರೆದು ಬೆಂಕಿ ಎಮೋಜಿ ಹಾಕಿರ್ತಾರೆ. ಆಮೇಲೆ ನನ್ನ ಇನ್‌ಬಾಕ್ಸ್‌ನಲ್ಲಿ "ಮೇಡಂ ನನ್ನ ಎಂಎ ಡಿಸರ್ಟೇಶನ್ ಕದಂಬರ ಮೇಲೆ, ಇದಕ್ಕೆ ಹಾಕಬಹುದಾ" ಅಂತ. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ, ಇಲ್ಲೇ ಬರೆದುಬಿಡ್ತೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

ಹಾಕಬಹುದು. ಕದಂಬರ ಮೇಲೆ ಕೆಲಸ ಮಾಡಿದೋರು ಹಾಕಲೇಬೇಕು ಅಂತಾನೂ ಹೇಳ್ತೀನಿ. ಆದ್ರೆ ಫಾರ್ಮ್ ತುಂಬೋಕೆ ಮುಂಚೆ ಒಂದು ಭಾಷೆ ಶುರು ಮಾಡಿ, ಮತ್ತೆ ದಯವಿಟ್ಟು ಸಾಲ ಮಾಡಿ ಹೋಗ್ಬೇಡಿ.

ಲೇಟ್ ಆಂಟಿಕ್ವಿಟಿ ಅಂದ್ರೇನು ಅಂತ ಗೊತ್ತಿಲ್ದೋರಿಗೆ ಚುಟುಕಾಗಿ ಹೇಳ್ತೀನಿ. ನಮ್ಮ ಸಿಲಬಸ್‌ನಲ್ಲಿ ರೋಮ್ 476ಕ್ಕೆ ಬಿದ್ದುಹೋಗುತ್ತೆ, ಮೇಷ್ಟ್ರು ಪುಸ್ತಕ ಮುಚ್ತಾರೆ, ಮುಂದಿನ ಪೀರಿಯಡ್‌ಗೆ ಫ್ಯೂಡಲಿಸಂ. ಆದ್ರೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಆ ಸಾಮ್ರಾಜ್ಯದ ಪೂರ್ವ ಭಾಗ ಆರಾಮಾಗಿ ನಡೀತಾನೇ ಇತ್ತು, ಅದನ್ನೇ ಆಮೇಲೆ ಬೈಜಾಂಟೈನ್ ಅಂದ್ರು, ಪಕ್ಕದಲ್ಲಿ ಸಸಾನಿಯನ್ ಇರಾನ್, ಕೆಂಪು ಸಮುದ್ರದ ಬಾಯಲ್ಲಿ ಇಥಿಯೋಪಿಯಾದ ಅಕ್ಸುಮ್, ಕೊನೇಲಿ ಇಸ್ಲಾಂ, ಹೀಗೆ 3ನೇ ಶತಮಾನದಿಂದ 8ನೇ ಶತಮಾನದವರೆಗಿನ ಇಷ್ಟೂ ಕಾಲವನ್ನ ಒಟ್ಟಿಗೆ ನೋಡೋ ಫೀಲ್ಡ್ ಇದು. 1971ರಲ್ಲಿ ಪೀಟರ್ ಬ್ರೌನ್ ಅನ್ನೋ ಇತಿಹಾಸಕಾರರ ಪುಸ್ತಕ ಬಂದಮೇಲೆ ಇದನ್ನ ಬರೀ ಅವನತಿ ಅಂತ ನೋಡೋದು ನಿಲ್ತು, ಆಮೇಲೆ ಆಕ್ಸ್‌ಫರ್ಡ್‌ನಿಂದಲೇ ಇನ್ನೊಬ್ಬರು "ಇಲ್ಲ ಸ್ವಾಮಿ, ನಿಜವಾಗ್ಲೂ ಬಿದ್ದೇಹೋಗಿತ್ತು, ಮಡಕೆ ಚೂರು ನೋಡಿ, ಹೆಂಚು ನೋಡಿ, ದನದ ಮೂಳೆ ಎಷ್ಟು ಸಣ್ಣಗಾಗಿದೆ ನೋಡಿ" ಅಂತ ಜಗಳಕ್ಕೆ ನಿಂತ್ರು. ಆ ಜಗಳ ಇನ್ನೂ ಮುಗಿದಿಲ್ಲ. ನಂಗೆ ಈ ಫೀಲ್ಡ್ ಇಷ್ಟ ಆಗಿದ್ದೇ ಅದಕ್ಕೆ.

ಇನ್ನೊಂದು ಕಾರಣ ಡಯೋಸ್ಕೋರಸ್ ಅನ್ನೋ ಮನುಷ್ಯ. 6ನೇ ಶತಮಾನದ ಈಜಿಪ್ಟ್, ಆಫ್ರೋಡಿಟೊ ಅಂತ ಒಂದು ಹಳ್ಳಿ, ಇವನು ಅಲ್ಲಿನ ಜಮೀನುದಾರ, ವಕೀಲ, ಊರಿನ ಪತ್ರ ವ್ಯವಹಾರ ಎಲ್ಲ ನೋಡ್ಕೊಳ್ಳೋನು. ಅವನ ಕಾಗದಪತ್ರ ನೋಡಿದ್ರೆ ನಂಗೆ ನಮ್ಮ ಕಡೆ ಶಾನುಭೋಗರ ಮನೆ ಅಟ್ಟದ ಮೇಲಿನ ಕಡತಗಳೇ ನೆನಪಾಗ್ತವೆ, ಗೇಣಿ ಪತ್ರ, ಮದುವೆ ಕರಾರು, ತಕರಾರು ಅರ್ಜಿ, ಮತ್ತೆ ಕೆಲವು ಅರ್ಜಿಗಳ ಬೆನ್ನ ಮೇಲೆ ಅವನೇ ಗ್ರೀಕ್‌ನಲ್ಲಿ ಬರೆದ ಪದ್ಯ! ಊರಿಗೆ ತೆರಿಗೆಯನ್ನ ತಾನೇ ನೇರವಾಗಿ ಕಟ್ಟೋ ಹಕ್ಕಿತ್ತು, ಮಧ್ಯದ ಅಧಿಕಾರಿ ಅದನ್ನ ಕಿತ್ಕೊಳ್ಳೋಕೆ ನೋಡ್ದ, ಇವನು ಹಡಗು ಹತ್ತಿ 551ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ಗೇ ಹೋಗಿ ಚಕ್ರವರ್ತಿಗೆ ದೂರು ಕೊಟ್ಟ. 1905ರಲ್ಲಿ ಆ ಊರಲ್ಲಿ (ಈಗ ಕೋಮ್ ಇಷ್ಕಾವ್ ಅಂತಾರೆ) ಒಂದು ಮಡಕೇಲಿ ಇವುಗಳಲ್ಲಿ ಎಷ್ಟೋ ಸಿಕ್ತು, ದಾಖಲೆಗಳು ಹಾಳಾಗ್ದೇ ಇರ್ಲಿ ಅಂತ ಮೇಲಿಂದ ಮುಚ್ಚೋಕೆ ಹಳೇ ಪುಸ್ತಕದ ಹಾಳೆ ತುರುಕಿದ್ರು, ಆ ಹಾಳೆಗಳಲ್ಲಿ ಇದ್ದಿದ್ದು ಅಲ್ಲೀವರೆಗೂ ಕಳೆದುಹೋಗಿದ್ದ ಪ್ರಾಚೀನ ಗ್ರೀಕ್ ನಾಟಕಕಾರ ಮೆನಾಂಡರನ ನಾಟಕಗಳು. ಜಗತ್ತು ಹುಡುಕ್ತಿದ್ದ ನಾಟಕ ಅವನ ಮನೇಲಿ ರದ್ದಿ ಪೇಪರ್ ಆಗಿತ್ತು ನೋಡಿ.

ಇದನ್ನೆಲ್ಲ ಓದೋಕೆ ಎಲ್ಲಿಗೂ ಹೋಗ್ಬೇಕಾಗಿಲ್ಲ. ಪಪೈರೈ ಡಾಟ್ ಇನ್ಫೋ ಅಂತ ಸೈಟ್ ಇದೆ, ಸಾವಿರಾರು ಪಪೈರಸ್‌ಗಳ (ಜೊಂಡಿನಿಂದ ಮಾಡ್ತಿದ್ದ ಹಳೇ ಕಾಗದ) ಪಠ್ಯ ಫ್ರೀ. ಪರ್ಸಿಯಸ್ ಅಂತ ಇದೆ, ಗ್ರೀಕ್ ಲ್ಯಾಟಿನ್ ಪಠ್ಯ, ಪದದ ಮೇಲೆ ಒತ್ತಿದ್ರೆ ಅರ್ಥ, ವ್ಯಾಕರಣ ಬರುತ್ತೆ. ಅಮೆರಿಕದ ಮಿನೆಸೊಟಾದಲ್ಲಿ ಹಿಲ್ ಮ್ಯೂಸಿಯಂ ಅಂತ ಒಂದು ಹಸ್ತಪ್ರತಿ ಲೈಬ್ರರಿ ಇದೆ, ಅವರು ಡಿಜಿಟೈಸ್ ಮಾಡಿರೋ ಸಿರಿಯಾಕ್ (ಪೂರ್ವದ ಕ್ರೈಸ್ತರು ಬಳಸ್ತಿದ್ದ ಹಳೇ ಭಾಷೆ) ಹಸ್ತಪ್ರತಿಗಳಲ್ಲಿ ನಮ್ಮ ಕೇರಳದ್ದೂ ಇವೆ, ಅಕೌಂಟ್ ಮಾಡಿದ್ರೆ ಮನೇಲೇ ಕೂತು ನೋಡಬಹುದು. ಅಂದ್ರೆ "ಅವಕಾಶ" ಅನ್ನೋದು ಡಿಸೆಂಬರ್ ಡೆಡ್‌ಲೈನ್ ಜೊತೆ ಬರೋ ವಸ್ತು ಅಂತ ಯಾಕೆ ಅಂದ್ಕೊಳ್ತೀರ?

ಇನ್ನು ಫಾರ್ಮ್ ವಿಷಯ. ಆಕ್ಸ್‌ಫರ್ಡ್‌ನಲ್ಲಿ ಲೇಟ್ ಆಂಟಿಕ್ ಅಂಡ್ ಬೈಜಾಂಟೈನ್ ಸ್ಟಡೀಸ್ ಅಂತ ಎರಡು ವರ್ಷದ ಎಂಫಿಲ್ ಇದೆ, ಒಂದು ವರ್ಷದ್ದೂ ಇದೆ. ಕೇಳೋರಿಗೆಲ್ಲ ಎರಡು ವರ್ಷದ್ದೇ ಹೇಳ್ತೀನಿ, ಯಾಕಂದ್ರೆ ಅಲ್ಲಿ ಭಾಷೆ ಕಲಿಯೋಕೆ ಉಸಿರಾಡೋಷ್ಟು ಟೈಮ್ ಸಿಗುತ್ತೆ, ಒಂದು ವರ್ಷದ್ರಲ್ಲಿ ಕ್ರಿಯಾಪದ ಕಲಿಯೋಷ್ಟರಲ್ಲಿ ಘಟಿಕೋತ್ಸವ. ವಿಯೆನ್ನಾದ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿ, ಮೊದಲು ಬುಡಾಪೆಸ್ಟ್‌ನಲ್ಲಿ ಇದ್ದಿದ್ದು, ಅಲ್ಲೂ ಈ ಕಾಲದ ಮೇಲೆ ಒಳ್ಳೆ ಕೆಲಸ ನಡೆಯುತ್ತೆ. ಅಮೆರಿಕದಲ್ಲಿ ದೊಡ್ಡ ಯೂನಿವರ್ಸಿಟಿಗಳ ಪಿಎಚ್‌ಡಿಗೆ ಫೀಸ್ ಇಲ್ಲ, ಐದು ವರ್ಷ ಸ್ಟೈಪೆಂಡ್ ಕೊಡ್ತಾರೆ, ಆದ್ರೆ ಅರ್ಜಿ ಹಾಕೋವಾಗಲೇ ಗ್ರೀಕ್ ಅಥವಾ ಲ್ಯಾಟಿನ್ ಎಷ್ಟು ಓದ್ತೀರ ಅಂತ ಕೇಳ್ತಾರೆ, ನಮ್ಮೋರು ಬಿದ್ದುಹೋಗೋದು ಅಲ್ಲೇ, ಮಾರ್ಕ್ಸ್ ಕಾರ್ಡ್‌ನಲ್ಲಿ ಅಲ್ಲ. ಪಿಎಚ್‌ಡಿ ಸೇರಿದ ಮೇಲಾದ್ರೆ ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಇದೆ, 1940ರಲ್ಲಿ ಒಂದು ಶ್ರೀಮಂತ ದಂಪತಿ ತಮ್ಮ ಮನೆ, ತೋಟ, ಲೈಬ್ರರಿ ಎಲ್ಲ ಹಾರ್ವರ್ಡ್‌ಗೆ ಕೊಟ್ಟಿದ್ದು, ಬೈಜಾಂಟೈನ್ ಫೆಲೋಶಿಪ್‌ಗೆ ಯಾವ ದೇಶದೋರಾದ್ರೂ ಹಾಕಬಹುದು. ಜರ್ಮನಿಯಲ್ಲಿ ಪ್ರಾಜೆಕ್ಟ್‌ಗಳಲ್ಲಿ ಪಿಎಚ್‌ಡಿ ಅಂದ್ರೆ ಸಂಬಳದ ಕೆಲಸ. ಮಾಸ್ಟರ್ಸ್‌ಗೂ ಬಹಳ ಕಡೆ ಫೀಸ್ ಇಲ್ಲ, ಆದ್ರೆ ವೀಸಾಗೆ, ತಿಂಗಳಿಗೆ ಇಷ್ಟೇ ಅಂತ ತೆಗೆಯೋಕಾಗೋ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ ಸುಮಾರು 12 ಸಾವಿರ ಯೂರೋ ಇಡಬೇಕು, "ಜರ್ಮನಿ ಫ್ರೀ" ಅನ್ನೋ ರೀಲ್ಸ್‌ನೋರು ಇದನ್ನ ಹೇಳಲ್ಲ.

ದುಡ್ಡಿನ ಬಗ್ಗೆ ಸ್ವಲ್ಪ ಖಾರವಾಗೇ ಹೇಳ್ತೀನಿ. ಇಂಗ್ಲೆಂಡ್‌ನಲ್ಲಿ ಕ್ಲಾರೆಂಡನ್, ಫೆಲಿಕ್ಸ್, ಕಾಮನ್‌ವೆಲ್ತ್, ಕೇಂಬ್ರಿಡ್ಜ್ ಆದ್ರೆ ಗೇಟ್ಸ್, ಇಲ್ಲಿಂದ ಇನ್‌ಲ್ಯಾಕ್ಸ್, ಈ ಸ್ಕಾಲರ್‌ಶಿಪ್‌ಗಳಲ್ಲಿ ಒಂದು ಸಿಕ್ರೆ ಹೋಗಿ, ಸಿಗ್ಲಿಲ್ವಾ ಇನ್ನೊಂದು ವರ್ಷ ಭಾಷೆ ಓದಿ ಮತ್ತೆ ಹಾಕಿ. ಅಪ್ಪನ ಜಮೀನು ಅಡ ಇಟ್ಟು ಎಜುಕೇಶನ್ ಲೋನ್‌ನಲ್ಲಿ ಬೈಜಾಂಟೈನ್ ಓದೋದು ಬೇಡ, ಕಂಪ್ಯೂಟರ್ ಸೈನ್ಸ್‌ನೋರು ತೀರಿಸಿದ ಹಾಗೆ ನಮಗೆ ತೀರಿಸೋಕಾಗಲ್ಲ. ಎಸ್‌ಸಿ ಸಮುದಾಯದ, ಭೂರಹಿತ ಕೃಷಿ ಕಾರ್ಮಿಕರ ಮನೆ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಆದ್ರೆ 2022ರಲ್ಲಿ ಭಾರತದ ಇತಿಹಾಸ, ಸಂಸ್ಕೃತಿ ಕುರಿತ ವಿಷಯ ಹಿಡಿದು ಹೊರಗೆ ಹೋಗೋರಿಗೆ ಕೊಡಲ್ಲ ಅಂತ ನಿಯಮ ತಂದ್ರು. ಅಂದ್ರೆ ಆ ನಿಯಮದ ಪ್ರಕಾರ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿ ಜಸ್ಟಿನಿಯನ್ ಓದಬಹುದು, ಮಯೂರವರ್ಮ ಓದಂಗಿಲ್ಲ. ಇದನ್ನ ಯೋಚನೆ ಮಾಡಿದೋರಿಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ, ಹಾಳಾಗ್ಲಿ, ಜಸ್ಟಿನಿಯನ್ ಬಾಗಿಲಾದ್ರೂ ಉಪಯೋಗಿಸ್ಕೊಳ್ಳಿ.

ಈಗ ಕದಂಬರ ಹುಡುಗೀಗೆ ಉತ್ತರ. ಲೇಟ್ ಆಂಟಿಕ್ವಿಟಿಯೋರು ಮಾತಾಡೋದು ಅಟ್ಲಾಂಟಿಕ್‌ನಿಂದ ಮಧ್ಯ ಏಷ್ಯಾವರೆಗೆ ಅಂತ, ಕೆಲಸ ಮಾಡೋವಾಗ ಹೆಚ್ಚಿನೋರು ಕೆಂಪು ಸಮುದ್ರದಲ್ಲಿ ಇಳಿದುಬಿಡ್ತಾರೆ, ಯಾಕಂದ್ರೆ ಅಲ್ಲಿಂದ ಮುಂದೆ ಬ್ರಾಹ್ಮಿ, ಸಂಸ್ಕೃತ, ಪ್ರಾಕೃತ ಬೇಕು. ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ ರೋಮ್ ಚಕ್ರವರ್ತಿ ಫಿಲಿಪ್‌ನ ಹೆಸರು, ಅವನ ಆಳ್ವಿಕೆಯ ವರ್ಷ ಹಾಕಿ ಸಂಸ್ಕೃತದಲ್ಲಿ ಕೆತ್ತಿಸಿದ ಶಾಸನ ಸಿಕ್ಕಿದೆ, 3ನೇ ಶತಮಾನದ್ದು. ಅರಬ್ಬಿ ಸಮುದ್ರದ ಸೊಕೊಟ್ರಾ ದ್ವೀಪದ ಹೋಕ್ ಗುಹೆ ಒಳಗೆ, ಬೆಳಕೇ ಇಲ್ಲದ ಕಡೆ, ಭಾರತದ ನಾವಿಕರು, ವ್ಯಾಪಾರಿಗಳು ಬ್ರಾಹ್ಮಿಯಲ್ಲಿ ತಮ್ಮ ಹೆಸರು, ಊರು ಬರೆದು ಹೋಗಿದಾರೆ, ಕೆಲವರು ಭರೂಚ್‌ನೋರು. 6ನೇ ಶತಮಾನದ ಅಲೆಕ್ಸಾಂಡ್ರಿಯಾದ ವ್ಯಾಪಾರಿ ಕಾಸ್ಮಾಸ್ ಮೆಣಸಿನ ಬಂದರುಗಳ ಪಟ್ಟಿಯಲ್ಲಿ ಮಂಗರೌತ್ ಅಂತ ಬರೀತಾನೆ, ಅದು ಮಂಗಳೂರು ಅಂತಲೇ ಸಾಮಾನ್ಯವಾಗಿ ಗುರುತಿಸ್ತಾರೆ. ಹಾನಗಲ್ ಪಕ್ಕದ ಅಕ್ಕಿಆಲೂರಲ್ಲಿ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿಗಳ ಚಿನ್ನದ ನಾಣ್ಯದ ನಿಧಿ ಸಿಕ್ಕಿದೆ, 5-6ನೇ ಶತಮಾನದ್ದು, ಬನವಾಸಿ ಕದಂಬರ ಸೀಮೆ ಅದು. ದಕ್ಷಿಣ ಭಾರತದಲ್ಲಿ ಸಿಕ್ಕಿರೋ ಇಂಥ ಬಹಳಷ್ಟು ನಾಣ್ಯಗಳಲ್ಲಿ ಚಕ್ರವರ್ತಿ ತಲೆ ಮೇಲ್ಗಡೆ ಸರಿಯಾಗಿ ಎರಡು ತೂತು ಕೊರೆದಿದಾರೆ, ಪೋಣಿಸಿ ಹಾಕ್ಕೊಳ್ಳೋಕೆ ಅನ್ಸುತ್ತೆ, ಮುಖ ತಲೆಕೆಳಗಾಗದ ಹಾಗೆ ನೋಡ್ಕೊಂಡಿದಾರೆ. ಯಾರು ಹಾಕ್ಕೊಂಡ್ರು, ಯಾಕೆ? ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಮಾಡ್ಕೊಂಡು ಪಡಿಯಚ್ಚು ತೆಗೆಯೋಕೆ ಕಲಿತಿರೋ ನೀವು, ಜೊತೆಗೆ ಗ್ರೀಕ್ ಕಲಿತು ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ, ಅಲ್ಲಿನ ಕ್ಲಾಸಲ್ಲಿ ನಿಮ್ಮಂಥೋರು ಇನ್ನೊಬ್ರು ಇರೋದು ಡೌಟು.

ಆದ್ರೆ ಒಂದು ಮಾತು. ಆಕ್ಸಿರಿಂಕಸ್ ಪ್ರಹಸನದಲ್ಲಿ (ಈಜಿಪ್ಟಿನಲ್ಲಿ ಪಪೈರಸ್ ಮೇಲೆ ಸಿಕ್ಕ ಗ್ರೀಕ್ ನಾಟಕ) ಕನ್ನಡ ಇದೆ ಅಂತ ಪ್ರೂವ್ ಮಾಡ್ತೀನಿ ಅಂತ ಎಸ್‌ಒಪಿ (ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಕೊಡೋ ಬರಹ) ಬರೀಬೇಡಿ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್ ಹಾಗೆ ಹೇಳಿದ್ರು, ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಮೇಲೆ ಕೂತು ಕೆಲಸ ಮಾಡಿದ್ರು, ಅವರ ವಿದ್ವತ್ತಿಗೆ ಕೈ ಮುಗೀತೀನಿ, ಆದ್ರೆ ವಿಷಯ ಇವತ್ತಿಗೂ ಇತ್ಯರ್ಥ ಆಗಿಲ್ಲ, ಮೇಲಾಗಿ ಅದು 2ನೇ ಶತಮಾನದ್ದು, ನಮ್ಮ ಫೀಲ್ಡಿನ ಕಾಲಕ್ಕಿಂತ ಹಿಂದಿನದು. ಹೆಮ್ಮೆ ಪಡೋದು ಫೇಸ್‌ಬುಕ್‌ನಲ್ಲಿ ಮಾಡೋಣ. ಅರ್ಜಿಗೆ ಪ್ರಶ್ನೆ ಬೇಕು. ಪುಲಕೇಶಿ ವಿಷಯಾನೂ ಹಾಗೇ. ಇರಾನಿನ ಎರಡನೇ ಖುಸ್ರೋಗೆ ಭಾರತದ ರಾಜನೊಬ್ಬ ಪತ್ರ, ಉಡುಗೊರೆ ಕಳಿಸಿದ ಅಂತ ಇತಿಹಾಸಕಾರ ತಬರಿ ಅರಬ್ಬಿಯಲ್ಲಿ ಬರೀತಾನೆ, ಆ ರಾಜನ ಹೆಸರನ್ನ ಪುಲಕೇಶಿ ಅಂತ ಓದಿದ್ದು 1879ರಲ್ಲಿ ನೋಲ್ಡೆಕೆ ಅನ್ನೋ ಜರ್ಮನ್ ವಿದ್ವಾಂಸ. ಅದನ್ನ ನಾವು ಟೆಕ್ಸ್ಟ್‌ಬುಕ್‌ನಲ್ಲಿ ಬಾಯಿಪಾಠ ಮಾಡ್ತೀವಿ, ಆ ಅರಬ್ಬಿ ಸಾಲನ್ನ ತೆಗೆದು ಓದಿರೋ ಕನ್ನಡದ ಹಿಸ್ಟರಿ ವಿದ್ಯಾರ್ಥಿ ನಂಗಂತೂ ಇನ್ನೂ ಸಿಕ್ಕಿಲ್ಲ.

ಅದಕ್ಕೇ ಹೇಳೋದು, ಮದರಸಾದಲ್ಲಿ ಅರಬ್ಬಿ ಕಲಿತು ಆಮೇಲೆ ಬಿಎ ಹಿಸ್ಟರಿ ಮಾಡಿರೋ ಹುಡುಗರು ನಮ್ಮಲ್ಲಿ ಎಷ್ಟು ಜನ ಇದಾರೆ, ಅವರಿಗೆ ಯಾರೂ ಈ ಫೀಲ್ಡ್ ಬಗ್ಗೆ ಹೇಳಲ್ಲ. ಅರಬ್ಬಿ ಬಂದೋರಿಗೆ ಸಿರಿಯಾಕ್ ಅರ್ಧ ಬಂದ ಹಾಗೇ, ಮೂರಕ್ಷರದ ಧಾತು, ಅದೇ ಲೆಕ್ಕ. ಸಂಸ್ಕೃತ ಬಂದೋರಿಗೆ ಗ್ರೀಕ್‌ನ ದ್ವಿವಚನ ನೋಡಿ ಗಾಬರಿ ಆಗಲ್ಲ. ಸಿರಿಯಾಕ್ ಕಲಿಯೋಕೆ ಆಕ್ಸ್‌ಫರ್ಡೇ ಆಗ್ಬೇಕು ಅಂತಿಲ್ಲ, ಕೊಟ್ಟಾಯಂನಲ್ಲಿ ಸೇಂಟ್ ಎಫ್ರೆಮ್ ಸಂಸ್ಥೆ ಇದೆ, ಸೀರಿ ಅಂತಾರೆ, 1985ರಲ್ಲಿ ಶುರುವಾಗಿದ್ದು, ಮಹಾತ್ಮ ಗಾಂಧಿ ಯೂನಿವರ್ಸಿಟಿ ಅಡಿಯಲ್ಲಿ ಎಂಎ ಸಿರಿಯಾಕ್ ನಡೆಸ್ತಾರೆ. ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಅಲ್ಲಿ. ಹೊರದೇಶದ ದೊಡ್ಡ ದೊಡ್ಡ ಸಿರಿಯಾಕ್ ವಿದ್ವಾಂಸರೇ ಬಂದುಹೋಗೋ ಜಾಗ, ನಾವು ಪಕ್ಕದ ರಾಜ್ಯದೋರು ಅತ್ತ ತಲೆ ಹಾಕಲ್ಲ.

ಕೆಲಸ? ಕಷ್ಟ ಇದೆ, ಸುಳ್ಳು ಹೇಳಲ್ಲ. ಹೊರಗೆ ಪರ್ಮನೆಂಟ್ ಪೋಸ್ಟ್ ಕಮ್ಮಿ, ಇಲ್ಲಿ ಈ ಹೆಸರಿನ ಪೋಸ್ಟೇ ಇಲ್ಲ, ವಾಪಸ್ ಬಂದ್ರೆ ಹಿಸ್ಟರಿ ನೆಟ್ ಬರೆದು ಎಲ್ಲರ ಜೊತೆ ಕ್ಯೂ. ಅದು ಗೊತ್ತಿದ್ದೂ ಹೋಗೋರು ಹೋಗಿ.

ಹೋಗೋರು ಪ್ರೊಫೆಸರ್‌ಗೆ ಮೇಲ್ ಮಾಡೋವಾಗ "ರೆಸ್ಪೆಕ್ಟೆಡ್ ಸರ್, ಬಾಲ್ಯದಿಂದಲೂ ಇತಿಹಾಸದಲ್ಲಿ ಆಸಕ್ತಿ" ಅಂತ ಒಂದು ಪುಟ ಬರೀಬೇಡಿ. ಆರು ಲೈನ್ ಸಾಕು. ಯಾವ ಪಠ್ಯ, ಯಾವ ಭಾಷೆಯಲ್ಲಿ, ಎಷ್ಟು ದೂರ ಓದಿದೀರ, ಎಲ್ಲಿ ಸಿಕ್ಕಾಕ್ಕೊಂಡಿದೀರ. ಉತ್ತರ ಬರ್ಲಿಲ್ಲ ಅಂದ್ರೆ ಹದಿನೈದು ದಿನ ಬಿಟ್ಟು ಇನ್ನೊಂದ್ ಸಲ ಕಳಿಸಿ, ಅವರೂ ಮೇಲ್ ನೋಡದ ಮನುಷ್ಯರೇ. ನಂಗೆ ಕಳಿಸೋ ಡ್ರಾಫ್ಟಲ್ಲೂ ಅಷ್ಟೇ, ಮೊದಲನೇ ಲೈನಲ್ಲೇ ಭಾಷೆ ಹೆಸರು ಇರ್ಲಿ.