ತೆರೆ ಕಾಣದಿದ್ದರೂ ಕೀಲಿಮಣೆ ಇದೆ

ಅಂಧರು ಹಾಡಬಲ್ಲರು, ವಾದ್ಯ ನುಡಿಸಬಲ್ಲರು, ಆದರೆ ಧ್ವನಿಮುದ್ರಣಕ್ಕೂ, ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೂ ಕಣ್ಣಿರುವವರನ್ನೇ ಆಶ್ರಯಿಸಬೇಕು ಎಂದು ಲೇಖನವೊಂದರಲ್ಲಿ ಲೇಖಕರು ಬರೆದ ಮಾತನ್ನು, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ನಾನು ಒಪ್ಪಲಾರೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ, ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್‌ಗೆ ಅವರ ಗೆಳೆಯ ಜೇಮ್ಸ್ ಟೆಹ್ ಕೈಜೋಡಿಸಿದರು, ಇಬ್ಬರೂ ಅಂಧರೇ. ಅದೇ ಟೆಹ್ ಮುಂದೆ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶಕ್ಕಾಗಿ, ಅದನ್ನು ಸ್ಕ್ರೀನ್ ರೀಡರ್ ಓದುವಂತೆ ಮಾಡುವ ಓಸಾರಾ ಎಂಬ ಪೂರಕವನ್ನು ರೂಪಿಸಿದ್ದರಿಂದ, ಇಂದು ನಾವು ಮೌಸ್ ಮುಟ್ಟದೆಯೇ ಹಾಡೊಂದನ್ನು ಮುದ್ರಿಸಿ, ಕತ್ತರಿಸಿ, ಜೋಡಿಸಬಹುದು. ಬಾಣದ ಕೀಲಿ ಒತ್ತಿದರೆ "3, ತಬಲಾ, ಮ್ಯೂಟ್" ಎಂದು, ಒಂದೊಂದು ವಾದ್ಯದ ಪ್ರತ್ಯೇಕ ಮುದ್ರಣವಾದ ಟ್ರ್ಯಾಕಿನ ಸ್ಥಿತಿ ಕಿವಿಗೆ ಬೀಳುತ್ತದೆ.

ತೊಡಕುಗಳು ಇಲ್ಲವೆಂದಲ್ಲ. ಗುಂಡಿಗಳನ್ನು ಬರೀ ಚಿತ್ರವಾಗಿ ಬಿಡಿಸಿಟ್ಟಿರುವ, ದನಿಗೆ ಪರಿಣಾಮ ಸೇರಿಸುವ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳ ಎದುರು ಸ್ಕ್ರೀನ್ ರೀಡರ್ ಮೂಕವಾಗುತ್ತದೆ, ಹಣ ಕೊಟ್ಟು ಕೊಂಡ ಮೇಲೆ ಅದು ತಿಳಿದಾಗ ಆಗುವ ನೋವು ಸಣ್ಣದಲ್ಲ. ತಂಬೂರಿಯ ಷಡ್ಜದ ಮೇಲೆಯೇ ಯಂತ್ರದ ಮಾತು ಬಂದು ಬಿದ್ದರೆ ಶ್ರುತಿಯ ಸೂಕ್ಷ್ಮ ತಿಳಿಯುವುದಿಲ್ಲ; ಆದ್ದರಿಂದ ನಾನು ಆ ಮಾತನ್ನು ಬೇರೊಂದು ಸೌಂಡ್ ಕಾರ್ಡ್‌ಗೆ ಕಳಿಸಿ, ಎಡಗಿವಿಯ ಸಣ್ಣ ಇಯರ್‌ಫೋನಿನಲ್ಲಿ ಮೆಲ್ಲಗೆ ಕೇಳಿಸಿಕೊಳ್ಳುತ್ತೇನೆ.

ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದ ನಾಡು ನಮ್ಮದು. ನಮ್ಮ ಅಂಧರ ಶಾಲೆಗಳ ಸಂಗೀತದ ಕೋಣೆಯಲ್ಲಿ ಹಾರ್ಮೋನಿಯಂ ಪಕ್ಕಕ್ಕೆ ಇಂಥದೊಂದು ಕಂಪ್ಯೂಟರನ್ನೂ, ಅದನ್ನು ಕಲಿಸಬಲ್ಲ ಅಂಧ ಶಿಕ್ಷಕರನ್ನೂ ಒದಗಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.