ಆ ಮಾತನ್ನು ಮಗು ಅನುವಾದಿಸಲಿಲ್ಲ

ಇಂದು ಬೆಳಿಗ್ಗೆ ಒಂದು ಸರ್ಕಾರಿ ಕಚೇರಿಯ ಸರತಿಯಲ್ಲಿ ನನ್ನ ಮುಂದೆ ಒಬ್ಬ ತಾಯಿ ಮತ್ತು ಒಂಬತ್ತು ಹತ್ತು ವರ್ಷದ ಅವಳ ಮಗಳು ನಿಂತಿದ್ದರು. ಗಲ್ಲ ಕೌಂಟರಿನ ಅಂಚಿಗೆ ತಾಗುವಷ್ಟೇ ಎತ್ತರವಿದ್ದ ಆ ಹುಡುಗಿ ವಾಸ್ತವ್ಯದ ಪರವಾನಗಿ, ಬಾಡಿಗೆ ಕರಾರು, ತಂದೆಯ ಸಂಬಳದ ಚೀಟಿ ಎಂದು ಒಂದೊಂದನ್ನೇ ಕಡತದಿಂದ ತೆಗೆದು ಕೊಡುತ್ತ, ಕೌಂಟರಿನಾಕೆ ಕೇಳಿದ್ದನ್ನು ತಾಯಿಗೂ ತಾಯಿ ಹೇಳಿದ್ದನ್ನು ಕೌಂಟರಿನಾಕೆಗೂ ದಾಟಿಸುತ್ತಿದ್ದಳು. ಅದು ಶಾಲೆಯ ಹೊತ್ತು. ಎಲ್ಲ ಮುಗಿದು ಮುದ್ರೆ ಒತ್ತಿದ ಮೇಲೆ, ಕಾಗದಗಳನ್ನು ಹಿಂದಕ್ಕೆ ತಳ್ಳುತ್ತ ಆಕೆ ಮಗುವಿನ ಮುಖ ನೋಡಿಕೊಂಡೇ ಹೇಳಿದರು: “ಬಂದು ಎರಡು ವರ್ಷವಾಯಿತಂತಲ್ಲ, ಇಲ್ಲಿನ ಭಾಷೆ ಕಲಿಯುವ ಮನಸ್ಸೇ ಇಲ್ಲವೇ ಎಂದು ನಿನ್ನ ಅಮ್ಮನನ್ನು ಕೇಳು.” ಹುಡುಗಿ ಒಂದು ಕ್ಷಣ ಸುಮ್ಮನಿದ್ದು, ತಾಯಿಯ ಕಡೆಗೆ ತಿರುಗಿ ಎರಡೇ ಮಾತಿನಲ್ಲಿ ಏನೋ ಹೇಳಿದಳು. ತಾಯಿ ನಕ್ಕಳು, ಕೌಂಟರಿನಾಕೆಗೆ ತಲೆಬಾಗಿ, ತನಗೆ ಬರುವ ಆ ಒಂದೇ ಪದದಲ್ಲಿ ಧನ್ಯವಾದ ಹೇಳಿ ಹೊರಟಳು.

ಅವರ ಭಾಷೆ ನನಗೆ ಬಾರದು. ಆದರೂ ಹುಡುಗಿ ಏನು ಹೇಳಿರಬಹುದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕೆಲಸವಾಯಿತು, ಹೋಗೋಣ ಎಂದಿರುತ್ತಾಳೆ. ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ನನ್ನ ಹಿನ್ನೆಲೆಯನ್ನು ಬಲ್ಲ ನೀವು ಅಪ್ಪ ಅಮ್ಮನ ಜೊತೆ ಹತ್ತನೆಯ ವಯಸ್ಸಿನಲ್ಲಿ ನಾನು ಗುರುತು ಪರಿಚಯವಿಲ್ಲದ ನಗರಕ್ಕೆ ಬಂದ ಕಥೆಯನ್ನು ಹಲವು ಬಾರಿ ಕೇಳಿದ್ದೀರಿ. ಮೊದಲ ಆರು ತಿಂಗಳಲ್ಲಿ ಶಾಲೆಯ ಅಂಗಳದಲ್ಲೇ ನನಗೆ ಭಾಷೆ ಹತ್ತಿತು. ರಾತ್ರಿ ಪಾಳಿಯಲ್ಲಿ ಕಟ್ಟಡಗಳ ನೆಲ ಒರೆಸುತ್ತಿದ್ದ ಅಮ್ಮನಿಗೆ ಹತ್ತಲಿಲ್ಲ, ಏಕೆಂದರೆ ಅವಳು ಕೆಲಸ ಮಾಡುವ ಹೊತ್ತಿನಲ್ಲಿ ಆ ಕಟ್ಟಡಗಳಲ್ಲಿ ಮಾತನಾಡಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಬ್ಯಾಂಕಿನಲ್ಲಿ, ಮನೆ ಮಾಲೀಕರ ಮುಂದೆ, ನನ್ನದೇ ಶಾಲೆಯ ಪೋಷಕರ ಸಭೆಯಲ್ಲಿ ಅವಳ ನಾಲಗೆ ನಾನಾದೆ. ಇದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ.

ನನಗೆ ಹನ್ನೊಂದು ತುಂಬಿದ್ದಾಗ ಅಮ್ಮನ ಜೊತೆ ವೈದ್ಯರಲ್ಲಿಗೆ ಹೋಗಿದ್ದೆ. ಎದೆಯಲ್ಲಿ ಗಡ್ಡೆಯಿದೆ, ತಡಮಾಡದೆ ಪರೀಕ್ಷೆ ಮಾಡಿಸಬೇಕು ಎಂದು ವೈದ್ಯರು ನನಗೆ ಹೇಳಿದರು. ಅಮ್ಮನಿಗೆ ಹೇಳಿ ಎಂದು ನನಗೆ ಹೇಳಿದರು. ಗಡ್ಡೆ ಎಂಬ ಪದ ನನ್ನ ಬಾಯಿಂದ ಹೊರಡಲಿಲ್ಲ. “ಸಣ್ಣ ಊತವಂತೆ ಅಮ್ಮ, ಬಿಡುವಾದಾಗ ಮತ್ತೊಮ್ಮೆ ಬರಬೇಕಂತೆ” ಎಂದೆ. ಒಂದು ಪಾಳಿ ತಪ್ಪಿದರೆ ಆ ದಿನದ ಕೂಲಿ ಹೋಗುತ್ತಿದ್ದ ಅಮ್ಮನಿಗೆ ಬಿಡುವಾಗಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳು ನಾನು ರಾತ್ರಿ ಎದ್ದು, ಅವಳಿನ್ನೂ ಕೆಲಸದಿಂದ ಬಾರದ ಖಾಲಿ ಹಾಸಿಗೆಯನ್ನು ನೋಡುತ್ತ ಕೂರುತ್ತಿದ್ದೆ. ಅದೃಷ್ಟಕ್ಕೆ ಅದು ಅಪಾಯದ ಗಡ್ಡೆಯಾಗಿರಲಿಲ್ಲ. ಮೂವತ್ತು ದಾಟಿದ ಮೇಲೆ ಒಂದು ದಿನ ಅಮ್ಮನಿಗೆ ಎಲ್ಲವನ್ನೂ ಹೇಳಿ ಅತ್ತಾಗ ಅವಳು ನನ್ನನ್ನು ಬೈಯಲಿಲ್ಲ, “ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಾನಲ್ಲವೇ?” ಎಂದಳು. ತಪ್ಪು ನನ್ನದೋ ಅವಳದೋ ಎಂದು ನಾವಿಬ್ಬರೇ ಹಂಚಿಕೊಳ್ಳುತ್ತ ಕುಳಿತೆವು. ಆ ಕೋಣೆಯಲ್ಲಿ ಒಬ್ಬ ದುಭಾಷಿ ಇರಬೇಕಿತ್ತು ಎಂಬುದು ಆಗಲೂ ನಮಗಿಬ್ಬರಿಗೂ ಹೊಳೆಯಲಿಲ್ಲ.

ಆದ್ದರಿಂದಲೇ “ಮನಸ್ಸೇ ಇಲ್ಲವೇ” ಎಂಬ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಭಾಷೆ ಮನಸ್ಸಿನಿಂದ ಬರುವುದಿಲ್ಲ, ಹೊತ್ತಿನಿಂದ ಬರುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಅರೇಬಿಕ್, ಚೀನೀ, ಜಪಾನೀ, ಕೊರಿಯನ್ ಭಾಷೆಗಳನ್ನು ಕಲಿಸಲು ಇಟ್ಟುಕೊಂಡಿರುವ ಅಂದಾಜು 88 ವಾರ, ಅಂದರೆ 2,200 ತರಗತಿ ಗಂಟೆಗಳು. ಅವರು ಓದಿಕೊಂಡವರು, ಕಲಿಕೆಯೇ ಅವರ ಆ ಅವಧಿಯ ಉದ್ಯೋಗ, ಸಂಬಳ ತಿಂಗಳು ತಿಂಗಳು ಬರುತ್ತಿರುತ್ತದೆ. ಅವರು ಇಂಗ್ಲಿಷಿನಿಂದ ಅರೇಬಿಕ್‌ಗೆ ದಾಟುವ ದೂರವೂ ಒಬ್ಬ ಅರಬ್ ಹೆಂಗಸು ಅರೇಬಿಕ್‌ನಿಂದ ಇಂಗ್ಲಿಷಿಗೆ ದಾಟಬೇಕಾದ ದೂರವೂ ಒಂದೇ ದಾರಿಯ ಎರಡು ತುದಿಗಳು. ಅವರಿಗೆ ಸಂಬಳದ ಜೊತೆ 88 ವಾರ ಕೊಡುವ ಲೋಕವೇ, ಪಾಳಿ ಮುಗಿಸಿ ಎರಡು ಬಸ್ ಬದಲಿಸಿ ಮನೆಗೆ ಬಂದು ಒಲೆ ಹಚ್ಚುವ ಈಕೆಯನ್ನು ಎರಡು ವರ್ಷಕ್ಕೇ ಮನಸ್ಸಿಲ್ಲದವಳು ಎಂದು ತೀರ್ಮಾನಿಸುತ್ತದೆ.

ಹೊತ್ತು ಕೊಟ್ಟು ನೋಡಿದ ದೇಶಗಳಿಲ್ಲದೆ ಇಲ್ಲ. ಆಸ್ಟ್ರೇಲಿಯ 1948ರಿಂದಲೇ ವಲಸೆ ಬಂದ ವಯಸ್ಕರಿಗೆ ಇಂಗ್ಲಿಷ್ ಕಲಿಸುತ್ತಿದೆ. ಉಚಿತ ಪಾಠಕ್ಕೆ ಬಹುಕಾಲ 510 ಗಂಟೆಗಳ ಮಿತಿಯಿತ್ತು, ಅಷ್ಟರಲ್ಲಿ ಬಹಳ ಜನ ದಡ ಸೇರುತ್ತಿಲ್ಲ ಎಂದು ಕಂಡ ಮೇಲೆ 2021ರಲ್ಲಿ ಆ ಮಿತಿಯನ್ನೇ ತೆಗೆದರು. ಜರ್ಮನಿಯಲ್ಲಿ ವಲಸೆ ಬಂದವರಿಗಾಗಿ 2005ರಿಂದ ನಡೆಯುತ್ತಿರುವ ಸಾಮಾನ್ಯ ತರಬೇತಿಯಲ್ಲಿ ಭಾಷೆಗೆ 600 ಪಾಠದ ಅವಧಿಗಳು, ದೇಶದ ಕಾನೂನು ಮತ್ತು ಬದುಕಿನ ಪರಿಚಯಕ್ಕೆ ಇನ್ನೂ 100 ಇವೆ. ಅಲ್ಲೂ ಕೂಸು ಎತ್ತಿಕೊಂಡ ತಾಯಿಗೆ ತರಗತಿ ತಲುಪುವುದು ಸುಲಭವಲ್ಲ. ಆದರೆ ಕಲಿಸುವುದು ತಮ್ಮ ಹೊಣೆಯೂ ಹೌದು ಎಂದು ಆ ಸರ್ಕಾರಗಳು ಒಪ್ಪಿಕೊಂಡಿವೆ, ಕೌಂಟರಿನಲ್ಲಿ ನಿಂತ ಮಗುವಿನ ಮೇಲೆ ಹೊರಿಸಿಲ್ಲ.

ಈಗ ಕೆಲವರು ಹೇಳುವುದು ನನಗೆ ಗೊತ್ತು: ಹೊಸ ನಗರಕ್ಕೆ ಬಂದವರು ಅಲ್ಲಿನ ಭಾಷೆ ಕಲಿಯಬೇಕಾದದ್ದು ಧರ್ಮ, ಕಲಿಯದಿದ್ದರೆ ನಷ್ಟ ಅವರಿಗೇ. ಒಪ್ಪುತ್ತೇನೆ. ನಷ್ಟ ಎಂಥದ್ದೆಂದು ನನಗೆ ನಾಲ್ಕು ತಿಂಗಳ ಲೆಕ್ಕದಲ್ಲಿ ಗೊತ್ತಿದೆ. ಕಲಿಯಬಾರದು ಎಂದು ಯಾವ ವಲಸೆಗಾರರೂ ಹೇಳಿದ್ದನ್ನು ನಾನು ಕೇಳಿಲ್ಲ. ಭಾಷೆ ಬಂದರೆ ಕೂಲಿ ಹೆಚ್ಚುತ್ತದೆ, ಮೋಸ ಹೋಗುವುದು ತಪ್ಪುತ್ತದೆ, ಮಕ್ಕಳ ಮುಂದೆ ತಲೆತಗ್ಗಿಸುವುದು ತಪ್ಪುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಲಿಯುವವರೆಗಿನ ಕಾಲದಲ್ಲಿ ಜ್ವರ ಬರುತ್ತದೆ, ಬಾಡಿಗೆ ನೋಟಿಸು ಬರುತ್ತದೆ, ಅದಕ್ಕೆ ಯಾರು ಉತ್ತರ ಕೊಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನು “ಇವರು ತಮ್ಮತಮ್ಮವರ ಜೊತೆಯೇ ಇರುತ್ತಾರೆ, ಎಂದಿಗೂ ಬೆರೆಯುವುದಿಲ್ಲ” ಎಂಬ ಹಳೆಯ ದೂರು. 1751ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಬಂದ ಜರ್ಮನರ ಬಗ್ಗೆ ಇದನ್ನೇ ಬರೆದಿದ್ದರು: ಅವರು ನಮ್ಮ ಭಾಷೆ, ನಡೆನುಡಿ ಕಲಿಯಲಾರರು, ನಮ್ಮನ್ನೇ ಜರ್ಮನರನ್ನಾಗಿ ಮಾಡಿಬಿಡುತ್ತಾರೆ ಎಂಬ ಭಯ. ಆ ಜರ್ಮನರ ಬಹುಪಾಲು ವಂಶಸ್ಥರು ಇಂದು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಅರಿಯರು. ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡವಿದೆ. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರ ಸಮುದಾಯ 1743ರಲ್ಲಿ ಅದನ್ನು ಚರ್ಚಾಗಿ ಕಟ್ಟಿಸಿತು, 1898ರಲ್ಲಿ ಅದು ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಬಾಂಗ್ಲಾದೇಶದ ಮೂಲದವರು ಪ್ರಾರ್ಥಿಸುವ ಮಸೀದಿಯಾಗಿದೆ. ಅದು ಬಂದವರು ಮೊದಲು ತಮ್ಮವರನ್ನು ಹುಡುಕಿಕೊಂಡು ಕಾಲೂರುವ ಜಾಗ. ಅಲ್ಲಿ ನಿಂತು ಧೈರ್ಯ ಬಂದ ಮೇಲೆ, ಕೆಲಸ ಸಿಕ್ಕ ಮೇಲೆ, ಅವರ ಮಕ್ಕಳು ನಗರದ ಬೇರೆ ಬೀದಿಗಳಿಗೆ ಹರಡಿಕೊಂಡರು. ಹರಡಲು ತಲೆಮಾರು ಬೇಕಾಯಿತು, ಎರಡು ವರ್ಷ ಸಾಲಲಿಲ್ಲ.

ಆ ತಲೆಮಾರಿನ ಅಂತರವನ್ನು ಮಗುವಿನ ಹೆಗಲ ಮೇಲಿಂದ ಇಳಿಸುವುದು ಅಸಾಧ್ಯದ ಕೆಲಸವೇನಲ್ಲ. ಆಸ್ಟ್ರೇಲಿಯ 1973ರಲ್ಲೇ ದೂರವಾಣಿಯ ಮೂಲಕ ದುಭಾಷಿ ಸೇವೆ ಆರಂಭಿಸಿತು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು, ಜೀವಾಪಾಯದ ತುರ್ತು ಸಂದರ್ಭವನ್ನು ಬಿಟ್ಟು, ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ನೆಚ್ಚಿಕೊಳ್ಳಬಾರದು ಎಂದು 2016ರಲ್ಲಿ ನಿಯಮವಾಯಿತು. ಅದನ್ನು ಓದಿದ ದಿನ ನಾನು ಅಮ್ಮನಿಗೆ ಫೋನು ಮಾಡಿದ್ದೆ. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಹೊತ್ತು ಬೇಕಿಲ್ಲ: ಅದೇ ದೇಶದಲ್ಲಿ ಇಂಗ್ಲಿಷ್ ಬಾರದವರಿಗೂ ಸರ್ಕಾರಿ ಸೇವೆ ಅರ್ಥವಾಗುವಂತಿರಬೇಕು ಎಂದು 2000ದಲ್ಲಿ ಬಿಲ್ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್‌ನಲ್ಲಿ ಡೊನಾಲ್ಡ್ ಟ್ರಂಪ್ ರದ್ದು ಮಾಡಿದರು. ಅಂಥ ಒಂದು ಸಹಿಯ ಭಾರ ಎಲ್ಲಿಗೆ ಇಳಿಯುತ್ತದೆ ಎಂದು ನನಗೆ ಗೊತ್ತು. ಇಂದು ಬೆಳಿಗ್ಗೆ ಅದು ಶಾಲೆ ತಪ್ಪಿಸಿ, ಕಡತ ಹಿಡಿದು ನನ್ನ ಮುಂದೆ ನಿಂತಿತ್ತು.

ಇಷ್ಟೆಲ್ಲ ಬರೆಯುತ್ತಿರುವ ನಾನು ಆ ಸರತಿಯಲ್ಲಿ ಒಂದು ಮಾತೂ ಆಡಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ನನ್ನ ಸರದಿ ಬಂತು, ನನ್ನ ಕಾಗದ ಕೊಟ್ಟೆ, ಇಷ್ಟು ವರ್ಷಗಳಲ್ಲಿ ನನ್ನದಾದ ಆ ಭಾಷೆಯಲ್ಲಿ ತೊಡಕಿಲ್ಲದೆ ಮಾತಾಡಿದೆ, ಕೌಂಟರಿನಾಕೆ ನನ್ನ ಕಡೆ ನೋಡಿ ನಕ್ಕರು, ನಾನೂ ನಕ್ಕೆ. ಹೊರಗೆ ಬಂದಾಗ ಆ ತಾಯಿ ಮಗಳು ಹೊರಟುಹೋಗಿದ್ದರು.

ಕಚೇರಿಯ ಮುಖ್ಯಸ್ಥರಿಗೆ ಈಗಷ್ಟೇ ಪತ್ರ ಬರೆದು ಮುಗಿಸಿದ್ದೇನೆ. ಕೇಳಿರುವುದು ಎರಡೇ: ಕೌಂಟರಿನ ಮೇಲೆ ದುಭಾಷಿಯೊಡನೆ ಮಾತನಾಡಲು ಒಂದು ಫೋನು, ಮತ್ತು ಹದಿನೆಂಟು ತುಂಬದವರಿಂದ ಅನುವಾದ ಮಾಡಿಸಬಾರದೆಂಬ ಲಿಖಿತ ಸೂಚನೆ. ನಿಮ್ಮಲ್ಲಿ ಯಾರಾದರೂ ದುಭಾಷಿಗಳಾಗಿ ಕೆಲಸ ಮಾಡಿದ್ದರೆ, ಇಂಥ ವ್ಯವಸ್ಥೆಯನ್ನು ಕಚೇರಿಗಳಲ್ಲಿ ಹೇಗೆ ಜಾರಿಗೆ ತರುತ್ತಾರೆಂದು ಬಲ್ಲವರಿದ್ದರೆ, ಇಂದು ರಾತ್ರಿಯೊಳಗೆ ನನಗೆ ಬರೆಯಿರಿ. ನಾಳೆ ಬೆಳಿಗ್ಗೆ ಪತ್ರವನ್ನು ನಾನೇ ಒಯ್ದು ಅದೇ ಕೌಂಟರಿನಲ್ಲಿ ಕೊಡುತ್ತೇನೆ.